ಡೆನ್ಮಾರ್ಕಿನ ಬಿಸ್ಕೀಟಿನ ತಾಟು

ಹಿಂಜವಾಡಿ, ನಮ್ಮ ವಸ್ತಿ

ಡೆನ್ಮಾರ್ಕಿಗೆ ಹೋಗಬೇಕಾದಾವ ನಾ ಅಲ್ಲ. ನಮ್ಮ ಸಾಬಣ್ಣ ಮಾವ. ಅವ ವಿಮಾನಕ್ಕ ಅಂಜಿದ. ಅದಕ್ಕ ನಾ ಹೋದೆ.

ನಾವು ಸುರಪುರ ಕಡೆಯವರು. ನಮ್ಮಪ್ಪ ಗೌಂಡಿ ಕೆಲಸಕ್ಕ ಪುಣೆಕ್ಕ ಬಂದು ಇಲ್ಲೇ ಸತ್ತ. ಹಿಂಜವಾಡಿಯಾಗ ಕಂಪ್ಯೂಟರಿನ ಕಂಪನಿಗಳಿಗೆ ದೊಡ್ಡ ದೊಡ್ಡ ಬಿಲ್ಡಿಂಗ್ ಏಳ್ತಾವಲ್ಲ, ಅವುಗಳ ಹಿಂದ ಪತ್ರಾದ, ಅಂದ್ರ ತಗಡಿನ, ಮನಿ ಸಾಲಿಗೆ ನಿಂತಾವ. ಅದೇ ನಮ್ಮ ವಸ್ತಿ. ಎಲ್ಲಾರೂ ನಮ್ಮ ಕಡೆಯವರೇ. ಬಿಲ್ಡಿಂಗ್ ಮುಗಿದ್ರ ವಸ್ತಿ ಎತ್ತಬೇಕು, ಮುಂದಿನ ಸೈಟಿನ ಹಿಂದ ಮತ್ತ ಹಾಕಬೇಕು. ನಾ ನಾಲ್ಕನೇತ್ತ ತನಕ ಸಾಲಿ ಕಲ್ತೀನಿ. ಆಮ್ಯಾಲೆ ಅಪ್ಪನಂಗ ಗ್ವಾಡಿ ಕಟ್ಟೋ ಕರಣಿ ಹಿಡದೆ.

ವಸ್ತಿಯಾಗ ಏನರ ಠರಾವ ಆಗಬೇಕಾದ್ರ ನಮ್ಮದೊಂದು ಪದ್ಧತಿ ಅದ. ಸುಟ್ಟಿ ದಿನ ಗಂಡಸರೆಲ್ಲಾ ಸಾಬಣ್ಣ ಮಾವನ ಮನಿ ಮುಂದ ಕೂಡ್ತಾರ. ಎಲ್ಲಾರೂ ಒಮ್ಮೆಲೆ ಒದರ್ತಾರ. ಒದರಿ ಒದರಿ ಸಾಕಾದ ಮ್ಯಾಲೆ ಮಾವ ಎಲಿ-ಅಡಕಿ ತಾಟು ತಿರುಗಿಸ್ತಾನ. ಒಪ್ಪಿದಾವ ಒಂದು ಎಲಿ ತಗೋತಾನ. ಒಪ್ಪದಾವ ತಗೊಳಂಗಿಲ್ಲ. ಅವ ಬಾಯಿ ಬಿಡೋದು ಬ್ಯಾಡ, ತಾಟು ಮುಂದ ಸರಿಸಿದ್ರ ಸಾಕು, ಎಲ್ಲಾರಿಗೂ ತಿಳೀತದ. ಒಬ್ಬವ ತಗೊಳ್ಳದಿದ್ರೂ ಮಾತು ಮುಗಿದಂಗಲ್ಲ. ಒಮ್ಮೆ ನಳ ಎಲ್ಲಿ ಕೂಡಿಸಬೇಕು ಅನ್ನೋದಕ್ಕ ಹನಮಂತ ಅನ್ನಾವ ಎಲಿ ಮುಟ್ಟಲೇ ಇಲ್ಲ. ಎಲಿ ಬಾಡಿ ಹೋದವು. ಹೊಸಾ ಎಲಿ ತಂದ್ವಿ, ಅವೂ ಬಾಡಿದವು. ಕಡೀಕ ನಳ ಅವನ ಮನಿ ಗ್ವಾಡಿಯಿಂದ ದೂರ ಸರಿಸಿದ ಮ್ಯಾಲೆ ಅವ ಎಲಿ ಎತ್ತಿದ.

ವಸ್ತಿ ಹುಡುಗರಿಗೆ ಸಾಲಿ ನಡಸೋ ಒಂದು ಸಂಸ್ಥೆ ಅದ. ಅದರಾಗ ಮೀನಾತಾಈ ಅಂತ ಒಬ್ಬಾಕಿ ಇದ್ದಾಳ. ಮರಾಠ್ಯಾಗ ಅಕ್ಕಗ ತಾಈ ಅಂತಾರ. ಅಕಿ ಈ ತಾಟು ನೋಡಿ ಭಾಳ ಖುಷಿ ಆದಳು. ಡೆನ್ಮಾರ್ಕಿನ್ಯಾಗ ಅಕಿ ಗುರ್ತಿನವರ ಒಂದು ವಸ್ತಿ ಅದ ಅಂತ. ಅಲ್ಲಿಯೂ ಎಲ್ಲಾರೂ ಒಪ್ಪೋ ತನಕ ಏನೂ ಮಾಡಂಗಿಲ್ಲ ಅಂತ. ಅವರು ಎಲ್ಲಾರೂ ಕೂಡಿ ಅರಬಿ ಒಗಿಯೋ ಮನಿ ಕಟ್ಟಾಕತ್ತಿದ್ರು, ಅದೂ ಮಣ್ಣಿನ ಗ್ವಾಡಿದು. 'ನಿಮ್ಮವರೊಬ್ಬರು ಬರ್ಲಿ, ಕಟ್ಟೋಕ್ಕೂ ಆತು, ಅವರದು ನಮಗ ನಮ್ಮದು ಅವರಿಗೆ ತಿಳಿಯೋಕ್ಕೂ ಆತು' ಅಂದಿದ್ರು.

ಮಾವನ ಹೆಸರು ಬಂತು. ಮಾವ ಆಕಾಶ ನೋಡಿದ. "ಮಲ್ಯಾ ಹೋಗ್ಲಿ. ಅವಗ ಹೆಂಡ್ತಿ ಇಲ್ಲ ಮಕ್ಕಳಿಲ್ಲ. ಬಿದ್ರೂ ನಷ್ಟ ಕಡಿಮಿ" ಅಂದ. ಮಂದಿ ನಕ್ಕರು. ತಾಟು ಬಂತು, ಎಲ್ಲಾರೂ ಎಲಿ ತಗೊಂಡ್ರು, ನಾನೂ ತಗೊಂಡೆ. ಅವ್ವ ಬಾಗಲ್ದಾಗ ನಿಂತಿದ್ದಳು. ಎಲಿ ತೊಳದು ತಾಟಿನ್ಯಾಗ ಜೋಡಿಸಿದಾಕಿ ಅಕಿನೇ.

ಕೋಪನ್‌ಹೇಗನ್ ವಿಮಾನ ನಿಲ್ದಾಣ

ವಿಮಾನದ ಬಗ್ಗೆ ಹೇಳೋದು ಏನಿಲ್ಲ. ಮಹಾರಾಷ್ಟ್ರದ ಸರ್ಕಾರಿ ಯಷ್ಟಿ ಬಸ್ಸಿಗಿಂತ ಇಕ್ಕಟ್ಟು, ಕಿಡಕಿ ತೆಗೀಲಿಕ್ಕೆ ಬರಂಗಿಲ್ಲ.

ಅಲ್ಲಿಯ ಮಾತು ಮರಾಠ್ಯಾಗ ತಿಳಿಸಿ ಹೇಳಾಕ ಮೀನಾತಾಈ ನನ್ನ ಜೋಡಿ ಬಂದಿದ್ದಳು. ಇಳದ ಮ್ಯಾಲೆ ನನ್ನ ಚೀಲ ಹಿಡದ್ರು. ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಸಣ್ಣ ಡಬ್ಬಿ ಸುಣ್ಣ ಕಟ್ಟಿದ್ದಳು. ಬಿಳೀದು ಕಂಡ ಕೂಡ್ಲೇ ಪೊಲೀಸರ ಮಾರಿ ಬದಲಾತು. ಒಂದು ನಾಯಿ ತಂದ್ರು. ನಾಯಿ ಸುಣ್ಣ ಮೂಸಿತು, ಏನೂ ಅನ್ನಲಿಲ್ಲ. ಆಮ್ಯಾಲೆ ಶೇಂಗಾ ಹಿಂಡಿ ಮೂಸಿ ಸೀನಾಕ ಹತ್ತಿತು. ನಿಲ್ಲಲೇ ಇಲ್ಲ. ಅದನ್ನ ಹಿಡದಾಕಿ ನನ್ನ ಕಡೆ ಹೆಂಗ ನೋಡಿದಳಂದ್ರ, ಅಕಿ ಮಗೂಗ ನಾ ವಿಷ ಹಾಕೀನಿ ಅನ್ನೋ ಹಂಗ.

"ಇದೇನಿದು ಕೇಳ್ತಾರ" ಅಂದಳು ತಾಈ.

"ಹಿಂಡಿ ಅಂತ ಹೇಳ್ರಿ. ರೊಟ್ಟಿ ಜೋಡಿ ತಿಂತಾರ. ನಾಯಿಗೆ ಯಾರು ಬರೇ ತಿನ್ನು ಅಂದ್ರು?"

ತಾಈ ಇಂಗ್ಲಿಷಿನ್ಯಾಗ ಏನು ಹೇಳಿದಳೋ, ಬಿಟ್ರು. ಸುಣ್ಣ ಇಟ್ಟುಕೊಂಡ್ರು.

ಆ ವಸ್ತಿ

ಅವರದಕ್ಕ ವಸ್ತಿ ಅನ್ನೋದು ತಪ್ಪು. ಕಟಗಿ ಮನಿಗಳು, ಸುತ್ತ ಹುಲ್ಲು, ಒಂದೊಂದಕ್ಕೂ ಕಾಜಿನ ಕಿಡಕಿ. ನಡುವ ಒಂದು ದೊಡ್ಡ ಖೋಲಿ. ಸಂಜಿ ಊಟ ಎಲ್ಲಾರೂ ಅಲ್ಲೇ. ಅಡಗಿ ಪಾಳಿ ಪ್ರಕಾರ, ಗಂಡಸರೂ ಮಾಡ್ತಾರ. ನಾ ಹೋದ ದಿನ ಯೆನ್ಸ್ ಅನ್ನಾವನ ಪಾಳಿ. ಅವ ಸಾಲಿ ಮಾಸ್ತರ, ಉದ್ದಕ ಬೆಳದಾನ, ಮಾತು ಮೆತ್ತಗ. ಬಟಾಟಿ ಕುದಿಸಿ ಇಟ್ಟಿದ್ದ. ಮರುದಿನ ಬ್ಯಾರೆಯವರ ಪಾಳಿ. ಅವರೂ ಬಟಾಟಿ ಕುದಿಸಿದ್ರು.

ಅವರ ರೊಟ್ಟಿ ಕರೀದು, ಇಟ್ಟಂಗಿ ಹಂಗ ಭಾರ, ಹುಳಿ. ತಿಂದೆ. ಆದ್ರ ಒಂದು ಕರೀ ಪೆಪ್ಪರಮಿಂಟು ಕೊಟ್ರು ನೋಡ್ರಿ, ಉಪ್ಪಿಂದು! ಉಪ್ಪಿನ ಪೆಪ್ಪರಮಿಂಟು ಯಾರರ ಮಾಡ್ತಾರೇನು? ಉಗುಳಬೇಕಂದ್ರ ಎಲ್ಲಾರೂ ನನ್ನೇ ನೋಡಾಕತ್ತಿದ್ರು. ನುಂಗಿದೆ.

ಕಾಲ್ಮರಿ ಹೊರಗ ಬಿಟ್ಟು ಮನಿ ಒಳಗ ಹೋಗ್ತಾರ. ಅದೊಂದು ನಮ್ಮಂಗ. ಹೊತ್ತು ಮಾತ್ರ ಮುಣಗಂಗೇ ಇಲ್ಲ. ಊಟ ಆಗಿ ಹಾಸಗಿ ಹಾಸಿದ್ರೂ ಕಿಡಕ್ಯಾಗ ಬಿಸಲು. ಮೊದಲ ದಿನ ಇನ್ನೂ ಸಂಜಿ ಆಗಿಲ್ಲಂತ ಕೆಲಸ ಮಾಡಕೋತ ನಿಂತೆ. ತಾಈ ಬಂದು "ಅರೇ ಮಲ್ಲಪ್ಪಾ, ಎಲ್ಲಾರೂ ಮಲಗ್ಯಾರ, ಸಲಿಕಿ ಸಪ್ಪಳ ಕೇಳ್ತದ, ಗಪ್ಪ ಮಲ್ಕೋ" ಅಂದಳು.

ಕೆಲಸ ಏನಂದ್ರ ಮಣ್ಣಿನ್ಯಾಗ ಹುಲ್ಲು ಕಲಿಸಿ, ಕಾಲಿಲೇ ತುಳದು, ಗ್ವಾಡಿ ಏರಿಸೋದು. ನಾವು ಮಣ್ಣಿನ ಮನಿ ಬಿಟ್ಟು ಸಿಮಿಟಿಗೆ ಬರಬೇಕಂತ ಸಾಯಾಕತ್ತೀವಿ. ಇವರು ಸಿಮಿಟು ಬಿಟ್ಟು ಮಣ್ಣಿಗೆ ಬಂದಾರ. ಯಾಕಂತ ಕೇಳಿದೆ. ಯೆನ್ಸ್ ಭಾಳ ಹೊತ್ತು ಹೇಳಿದ. ತಾಈ ಅದನ್ನ "ಅವರಿಗೆ ಚಲೋ ಅನಸ್ತದಂತ" ಅಂತ ಒಂದೇ ಮಾತಿನ್ಯಾಗ ಮುಗಿಸಿದಳು.

ನನ್ನ ಜೋಡಿ ಮಣ್ಣು ತುಳಿಯಾವ ಮಿಕೆಲ್. ನನ್ನ ವಾರಗಿಯಾವ. ಕೆಂಪು ಗಡ್ಡ. ಮಾತು ಕಡಿಮಿ, ಮಾತಾಡಿದ್ರೂ ನನಗ ತಿಳಿಯಂಗಿಲ್ಲ, ಅದಕ್ಕ ನಮ್ಮಿಬ್ಬರದು ಚಲೋ ಹೊಂದಿತು. ಅವಗ ತಂದಿ ತಾಯಿ ಇಲ್ಲ. ಸಣ್ಣಾವ ಇದ್ದಾಗ ಸರ್ಕಾರದವರು ಒಂದು ವರ್ಷ ಒಂದು ಮನಿ, ಇನ್ನೊಂದು ವರ್ಷ ಇನ್ನೊಂದು ಮನಿ ಅಂತ ಇಟ್ಟು ಬೆಳಸ್ಯಾರ. ಈಗ ಈ ವಸ್ತಿಯಾಗ ಗಾಲಿ ಮ್ಯಾಲಿನ ಒಂದು ಡಬ್ಬಿ ಮನ್ಯಾಗ ಇದ್ದ. ಒಂದು ಖೋಲಿ ಖಾಲಿ ಇತ್ತು. ಅದು ತನಗ ಸಿಗಬೇಕು, ಇಲ್ಲೇ ಕಾಯಂ ಇರಬೇಕು ಅನ್ನೋದು ಅವನ ಆಸೆ. ಅದಕ್ಕ ಎಲ್ಲಾರೂ ಒಪ್ಪಬೇಕು. ಒಬ್ಬರು ಒಲ್ಲೆ ಅಂದ್ರೂ ಆಗಂಗಿಲ್ಲ. ಆ ಠರಾವ ನಾ ಇದ್ದಾಗೇ ಆಗೋದಿತ್ತು.

ಅವನ ಹಿಂದ ಯಾವಾಗ್ಲೂ ಒಂದು ನಾಯಿ. ಬಾಮ್ಸೆ ಅಂತ ಹೆಸರು. ಕರಡಿಯಷ್ಟು ಇತ್ತು. ನಾವು ಮಣ್ಣು ತುಳಿಯಾಕತ್ತಿದ್ರ ಅದೂ ಬಂದು ತುಳೀತಿತ್ತು.

ಬಾಗಲ ಬಣ್ಣ

ಅವರ ಕೂಟದ ಪದ್ಧತಿ ಹಿಂಗ. ಗುಂಡಗ ಕೂಡ್ತಾರ. ಒಂದು ಹೊಳಿಗಲ್ಲು ಇರ್ತದ, ಮುಷ್ಟಿಯಷ್ಟು. ಕಲ್ಲು ಯಾರ ಕೈಯಾಗ ಅದನೋ ಅವರೇ ಮಾತಾಡಬೇಕು, ಉಳದವರು ಕೇಳಬೇಕು. ಒಪ್ಪಿಗಿ ಆತಂದ್ರ ಎರಡೂ ಕೈ ಮ್ಯಾಲೆತ್ತಿ ಹತ್ತೂ ಬಳ್ಳು ಅಲ್ಲಾಡಿಸ್ತಾರ. ಗಾಳಿಗೆ ಜ್ವಾಳದ ತೆನಿ ಅಳ್ಳಾಡಿದಂಗ. ಒಲ್ಲೆ ಅಂದ್ರ ಮುಷ್ಟಿ ಎತ್ತಬೇಕು. ಸುಮ್ಮ ಕುಂತ್ರ ಒಪ್ಪಿದಂಗ. ಕೂಟ ಮುಗಿಯೋ ಮುಂದ ಒಂದು ತಾಟಿನ್ಯಾಗ ಬಿಸ್ಕೀಟು ತಿರುಗಿಸ್ತಾರ. ಆ ತಾಟು ನೋಡಿ ನನಗ ಸಮಾಧಾನ ಆತು. ಇದು ನಮ್ಮಂಗೇ ಅದ ಅಂದ್ಕೊಂಡೆ. ಯಾರನ್ನೂ ಕೇಳಲಿಲ್ಲ. ಕೇಳೋದೇನದ, ತಾಟು ಅಂದ್ರ ತಾಟು.

ಒಗಿಯೋ ಮನಿ ಬಾಗಲಕ್ಕ ಯಾವ ಬಣ್ಣ ಹಚ್ಚಬೇಕು ಅಂತ ಕುಂತ್ರು. ಕಲ್ಲು ತಿರುಗಿತು. ಒಬ್ಬಾಕಿ ತನಗ ನೀಲಿ ಬಣ್ಣ ನೋಡಿದ್ರ ತನ್ನ ಅಜ್ಜಿ ನೆನಪಾಗ್ತಾಳ ಅಂದಳು. ಒಬ್ಬವ ಕೆಂಪು ಅಂದ್ರ ಭಾಳ ಜೋರಾತು ಅಂದ. ಮರುದಿನ ಮತ್ತ ಕುಂತ್ರು. ಕಲ್ಲು ನನ್ನ ಕೈಯಾಗ ಬಂದಾಗ ನಾ ಅಂದೆ, "ಬಾಗಲ ಇರೋದು ತೆಗೀಲಿಕ್ಕೆ, ಮುಚ್ಚಲಿಕ್ಕೆ. ಯಾವದರ ಹಚ್ರಿ." ತಾಈ ಇದನ್ನ ಹೇಳಿದಳೋ ಇಲ್ಲೋ ಗೊತ್ತಿಲ್ಲ. ಎಲ್ಲಾರೂ ನಕ್ಕೋತ ತಲಿ ಅಲ್ಲಾಡಿಸಿದ್ರು.

ಮೂರನೇ ದಿನಾನೂ ಕೂಡವರು ಅಂತ ಕೇಳಿ ನನಗ ತಲಿ ಕೆಟ್ಟಿತು. ಮುಂಜಾನೆ ಎದ್ದಾವನೇ ಖೋಲ್ಯಾಗ ಇದ್ದ ಹಸರು ಬಣ್ಣದ ಡಬ್ಬಿ ತೆಗದು ಬಾಗಲಕ್ಕ ಬಳದುಬಿಟ್ಟೆ. ಎರಡು ಕೈ. ಹೊಳೀಲಿಕ್ಕೆ ಹತ್ತಿತು. ಒಳ್ಳೇದು ಮಾಡೀನಿ, ಮಂದಿಗೆ ಒಂದು ಸಂಜಿ ಉಳೀತು ಅಂದ್ಕೊಂಡೆ.

ಯಾರೂ ಬೈಲಿಲ್ಲ. ನಮ್ಮ ಕಡೆ ಆಗಿದ್ರ ಇಷ್ಟೊತ್ತಿಗೆ ಮೂರು ಮಂದಿ ಕಾಲರ್ ಹಿಡೀತಿದ್ರು. ಇವರು ಒಬ್ಬೊಬ್ಬರೇ ಬಂದ್ರು, ಬಾಗಲ ನೋಡಿದ್ರು, ನೀಟಗ ಹಚ್ಚೀದಿ ಅಂದ್ರು, ಹೋದ್ರು. ಸಂಜಿಕ ಹಸರು ಬಾಗಲದ ಬಗ್ಗೆ ಒಂದು ಹೊಸಾ ಕೂಟ ಇಟ್ರು. ಅದು ಬಣ್ಣದ ಕೂಟಕ್ಕಿಂತ ಉದ್ದ ಆತು. ಮರುದಿನ ನಾ ಕುಂತು ಬಣ್ಣ ಕೆರದೆ. ಮಿಕೆಲ್ ಕೇಳಲಾರದೇ ಬಂದು ಇನ್ನೊಂದು ಬಾಜೂಕ ಕೆರದ. ಕಡೀಕ ಬಾಗಲಕ್ಕ ಬಣ್ಣೇ ಬ್ಯಾಡ, ಎಣ್ಣಿ ಹಚ್ಚಿದ್ರ ಸಾಕಂತ ಎಲ್ಲಾರೂ ಬಳ್ಳು ಅಲ್ಲಾಡಿಸಿದ್ರು.

ಇಂಗರ್‌ಳ ಕೋಳಿ

ಆ ವಸ್ತಿಯಾಗ ನನ್ನಂಗ ಖಡಕ್ ಮಾತಾಡಾಕಿ ಒಬ್ಬಾಕಿನೇ, ಇಂಗರ್. ನಮ್ಮ ಅವ್ವನ ವಾರಗಿ. ದೊಡ್ಡ ಕೈ, ಗಂಡಸರ ಬೂಟು. ಕೋಳಿ ಸಾಕಿದ್ದಳು, ಮುಂಜಾನೆ ಎಲ್ಲಾರ ಮನೀಗೂ ಅಕಿ ಕೋಳಿ ತತ್ತೀನೇ. ಒಂದು ದಿನ ನಾವು ಗ್ವಾಡಿ ಸಾರಸಾಕತ್ತಿದ್ದಾಗ ಕೋಳಿ ಚೀರಾಡಿದ್ದು ಕೇಳಿತು. ಮಿಕೆಲ್ ಓಡಿದ. ನಾ ಅವನ ಹಿಂದ ಓಡಿದೆ. ಬಾಮ್ಸೆ ಬಾಯಾಗ ಪುಕ್ಕ. ನೆಲದ ಮ್ಯಾಲೆ ಮೂರು ನಾಲ್ಕು ಕೋಳಿ ಬಿದ್ದಿದ್ದವು. ಇಂಗರ್ ಒಂದೊಂದೇ ಎತ್ತಿ ಬುಟ್ಟಿಗೆ ಹಾಕಿಕೊಂಡಳು. ಮಿಕೆಲ್ ಕೈ ಚಾಚಿದ್ರ ಬುಟ್ಟಿ ಆ ಕಡೆ ತಿರುಗಿಸಿದಳು.

ಆ ವಾರದಾಗೇ ಮಿಕೆಲ್‌ನ ಕೂಟ. ಇಂಗರ್ ಕಲ್ಲು ಹಿಡದು ಸೀದಾ ಹೇಳಿದಳು, "ಹುಡುಗ ಇರ್ಲಿ. ನಾಯಿ ಹೋಗ್ಲಿ." ಯೆನ್ಸ್ ಅಂದ, ತನ್ನ ತಮ್ಮನ ಹೊಲ ದೂರದಾಗ ಅದ, ನಾಯಿ ಅಲ್ಲಿ ಇರಬಹುದು. ಎಲ್ಲಾರಿಗೂ ಹಗರ ಆತು. ಕಲ್ಲು ಮಿಕೆಲ್ ಕೈಗೆ ಬಂತು. ಅವ ಅದನ್ನ ತಿರುಗಿಸಿ ತಿರುಗಿಸಿ ನೋಡಿದ, ಏನೂ ಅನ್ನದೇ ಬಾಜೂಕಿನವರಿಗೆ ಕೊಟ್ಟ. ಯಾರದರೇ ಮುಷ್ಟಿ ಅದನೇನು ಅಂತ ಯೆನ್ಸ್ ಕೇಳಿದ. ಇಲ್ಲ. ಬಳ್ಳು ಎದ್ದವು, ಅಳ್ಳಾಡಿದವು.

ಬಿಸ್ಕೀಟಿನ ತಾಟು ಬಂತು. ಮಿಕೆಲ್ ನೋಡದೇ ಮುಂದ ಸರಿಸಿದ.

ಇವ ಒಪ್ಪಿಲ್ಲ. ತಾಟು ನನ್ನ ಮುಂದ ಬಂದಾಗ ನಾನೂ ತಗೊಳ್ಳಲಿಲ್ಲ. ನನ್ನ ಬಿಸ್ಕೀಟಿಗೆ ಬೆಲಿ ಅದನೋ ಇಲ್ಲೋ, ಇರ್ಲಿ. ಇನ್ನ ಕೂಟ ನಿಲ್ತದ, ಯೆನ್ಸ್ 'ಯಾಕಪಾ?' ಅಂತಾನ ಅಂತ ಕಾದೆ. ಅವರು ಎದ್ದು ಖುರ್ಚಿ ಸರಿಸಾಕ ಹತ್ತಿದ್ರು. ಒಬ್ಬಾಕಿ ಮಿಕೆಲ್‌ನ ಅಪ್ಪಿಕೊಂಡು ಮುಬಾರಕಿ ಹೇಳಿದಳು. ಅವ ಕಂಬದಂಗ ನಿಂತಿದ್ದ.

"ತಾಈ, ಮುಗೀತೇನು ಇದು?"

"ಮುಗೀತು. ಚಲೋ ಆತಲ್ಲ, ಅವಗ ಖೋಲಿ ಸಿಕ್ಕಿತು."

ಘಂಟಿ

ಮುಂಜಾನೆ ಮಣ್ಣು ತುಳೀಲಿಕ್ಕೆ ಮಿಕೆಲ್ ಬರಲಿಲ್ಲ. ಹೋಗಿ ನೋಡಿದ್ರ ಸೈಕಲ್ಲಿಗೆ ಒಂದು ಸಣ್ಣ ಗಾಡಿ ಕಟ್ಟಿ, ಹಾಸಗಿ, ಪಾತ್ರಿ ಎಲ್ಲಾ ಹೇರಾಕತ್ತಿದ್ದ. ಮ್ಯಾಲೆ ನಾಯಿ ತಿನ್ನೋ ಬೋಗಾಣಿ. ಬಾಮ್ಸೆ ಬಾಲ ಅಳ್ಳಾಡಿಸಕೋತ ನಿಂತಿತ್ತು, ಎಲ್ಲೋ ಜಾತ್ರಿಗೆ ಹೊಂಟವರಂಗ. ನಾ ಸೈಕಲ್ ಹ್ಯಾಂಡಲ್ ಹಿಡದೆ. ಅವ ನನ್ನ ಕೈ ಬಿಡಿಸಿದ. ನಾ ಮತ್ತ ಹಿಡದೆ. ಅವ ನನ್ನ ಹೆಗಲ ತಟ್ಟಿ, ತನ್ನ ಕರಣಿ ನನ್ನ ಕೈಯಾಗ ಇಟ್ಟ. ಇನ್ನ ಅದು ನನ್ನದು ಅಂತ.

ನಾ ತಾಈ ಕಡೆ ಓಡಿದೆ. ಅಕಿ ಹಲ್ಲು ತಿಕ್ಕಾಕತ್ತಿದ್ದಳು.

"ತಾಈ, ಅವ ಹೊಂಟ. ನಿನ್ನಿ ಅವ ಒಪ್ಪೇ ಇಲ್ಲ. ಬಿಸ್ಕೀಟ್ ತಗೊಂಡಿಲ್ಲ ಅವ!"

"ಏನು ತಗೊಂಡಿಲ್ಲ?"

"ಬಿಸ್ಕೀಟ್! ನಾನೂ ತಗೊಂಡಿಲ್ಲ. ಇಬ್ಬರು ತಗೊಂಡಿಲ್ಲ, ಇವರು ಹೆಂಗ ಎದ್ದು ಹೋದ್ರು?"

ತಾಈ ಬಾಯಾಗಿನ ಬ್ರಶ್ಶು ಹಂಗೇ ಇತ್ತು. "ಮಲ್ಲಪ್ಪಾ, ಅದು ಸುಮ್ಮ ಬಿಸ್ಕೀಟು. ತಿನ್ನೋ ಬಿಸ್ಕೀಟು" ಅಂದಳು.

ಅಕಿ ಜೋಡಿ ವಾದ ಮಾಡ್ತಾ ಕುಂತ್ರ ಅವ ಹೋಗ್ತಾನ. ದೊಡ್ಡ ಖೋಲಿ ಹೊರಗ ಒಂದು ಹಿತ್ತಾಳಿ ಘಂಟಿ ತೂಗು ಹಾಕಿದ್ರು. ಬೆಂಕಿ ಬಿದ್ರ ಹೊಡಿಯೋದಂತ. ಹೋಗಿ ಹಗ್ಗ ಹಿಡದು ಜಗ್ಗಿದೆ.

ಮಂದಿ ಹೆಂಗಿದ್ರೋ ಹಂಗ ಬಂದ್ರು. ಒಬ್ಬವ ಮಾರಿಗೆ ಸಾಬಣ ಹಚ್ಚಿಕೊಂಡು, ಒಬ್ಬಾಕಿ ಕೈಯಾಗ ಬಕೀಟು. ಇಂಗರ್ ಬೂಟಿಲ್ಲದೇ. ಮಿಕೆಲ್‌ನೂ ಸೈಕಲ್ ಬಿಟ್ಟು ಓಡಿ ಬಂದ, ಬೆಂಕಿ ಎಲ್ಲಿ ಅಂತ.

ನಾ ಮರಾಠ್ಯಾಗ ಒದರಿದೆ, ತಾಈ ಇಂಗ್ಲಿಷಿನ್ಯಾಗ ಹೇಳಿದಳು. ನಮ್ಮ ವಸ್ತಿಯ ತಾಟು, ಎಲಿ, ಹನಮಂತನ ನಳ. ಬಿಸ್ಕೀಟಿನ ಮಾತು ಬಂದಾಗ ಎಲ್ಲಾರೂ ನಕ್ಕರು. ಯೆನ್ಸ್ ಕಣ್ಣು ಒರಸಿಕೊಂಡು, "ಕೂಟ ಉದ್ದ ಆಗ್ತಾವ, ಮಂದಿಗೆ ಹಸಿವಾಗ್ತದ, ಅದಕ್ಕ ಬಿಸ್ಕೀಟು" ಅಂದ. ನನಗ ನಾಚಿಕಿ ಆತು. ಆದ್ರ ಇಂಗರ್ ನಗಲಿಲ್ಲ. "ನಾ ನಿನ್ನಿ ಎರಡು ತಿಂದೀನಿ" ಅಂದಳು. ಆಮ್ಯಾಲೆ ಮಿಕೆಲ್ ಕಡೆ ತಿರುಗಿ ಏನೋ ಕೇಳಿದಳು. ಎಲ್ಲಾರ ನಗು ನಿಂತಿತು.

"ಏನಂದಳು ತಾಈ?"

"ನೀ ಒಪ್ಪಿದ್ದಿಯೇನು, ಅಂತ."

ಮಿಕೆಲ್ ನಾಯಿ ಕುತ್ತಿಗಿ ಮ್ಯಾಲೆ ಕೈ ಇಟ್ಟುಕೊಂಡು ನಿಂತ. ಇಲ್ಲ ಅಂದ. ಅಷ್ಟೇ. ಅವ ಕೂಟದಾಗ ಆಡಿದ ಮೊದಲನೇ ಮಾತು ಅದು ಅಂತ ಯೆನ್ಸ್ ನನಗ ಆಮ್ಯಾಲೆ ಹೇಳಿದ. ಅಲ್ಲಿ ಕಲ್ಲೂ ಇರಲಿಲ್ಲ, ಗುಂಡಗ ಖುರ್ಚಿನೂ ಇರಲಿಲ್ಲ.

ಮತ್ತ ಕುಂತ್ರು

ಸೈಕಲ್ ಗಾಡಿ ಹೇರಿದ್ದು ಹೇರಿದಂಗೇ ಅಂಗಳದಾಗ ನಿಂತಿತು. ಠರಾವ ಆಗೋ ತನಕ ಮಿಕೆಲ್ ಅದನ್ನ ಇಳಸಲೂ ಇಲ್ಲ, ಹೊಡಕೊಂಡು ಹೋಗಲೂ ಇಲ್ಲ. ಕೂಟಕ್ಕ ಹೋಗೋರು ಬರೋರು ಅದನ್ನ ಸುತ್ತು ಹಾಕಿ ಹೋಗಬೇಕು.

ಮತ್ತ ಕಲ್ಲು, ಮತ್ತ ಗುಂಡಗ. ನನ್ನ ನಡಾ ನೋವಾತು. ಒಂದು ಸಂಜಿ ಒಬ್ಬವ ನಾಯಿ ಜಾತಿ ಬಗ್ಗೆನೇ ಮಾತಾಡಿದ. ನಾ ತಾಈ ಕಿವ್ಯಾಗ "ನಮ್ಮ ಸಾಬಣ್ಣ ಮಾವನ್ನ ಕರಿಯೋಣ, ಒಂದು ತಾಸಿನ್ಯಾಗ ಮುಗಸ್ತಾನ" ಅಂದೆ. ಅಕಿ ನನ್ನ ತೊಡಿ ಚಿವುಟಿದಳು.

ಆದ್ರ ಒಂದು ಬದಲಾತು. ಕಲ್ಲು ಮಿಕೆಲ್ ಕೈಗೆ ಬಂದು ಅವ ಸುಮ್ಮ ಕುಂತ್ರ, ಯಾರೂ ಅದನ್ನ ಮುಂದ ತಗೊಳ್ಳವಲ್ರು. ಅವರೂ ಸುಮ್ಮ ಕೂಡ್ತಿದ್ರು. ಹೊರಗ ಬಿಸಲು ಹಂಗೇ ಇತ್ತು, ಯಾರಿಗೂ ಗಡಬಡಿ ಇಲ್ಲ. ಒಂದು ಸಲ ಅವ ಕಲ್ಲು ನೋಡಕೋತ ಅಂದ, ತಾಈ ಮೆಲ್ಲಗ ನನಗ ಹೇಳಿದಳು, "ಸಣ್ಣಾವ ಇದ್ದಾಗ ಪ್ರತಿ ಮನ್ಯಾಗೂ ಕೇಳ್ತಿದ್ರು, ಇಲ್ಲಿ ಇರ್ತಿಯೇನು ಅಂತ. ನಾ ಸುಮ್ಮ ನಿಲ್ತಿದ್ದೆ. ಅವರು ಹೌದು ಅಂತ ತಿಳಕೊಂತಿದ್ರು."

ಕಡೀಕ ಠರಾವ ಹಿಂಗ ಆತು. ಕೋಳಿಗೂಡಿನ ಸುತ್ತ ಆಳೆತ್ತರ ತಂತಿ ಬೇಲಿ, ಅದನ್ನ ಮಿಕೆಲ್, ನಾ ಕೂಡಿ ಹಾಕಬೇಕು. ಕೋಳಿ ಹೊರಗ ಮೇಯೋ ಹೊತ್ತಿನ್ಯಾಗ ನಾಯಿ ಕಟ್ಟಿರಬೇಕು. ನಾಯಿನೂ ಇರ್ಲಿ, ಹುಡುಗನೂ ಇರ್ಲಿ. ಬಳ್ಳು ಎದ್ದವು. ಇಂಗರ್‌ಳವು ಏಳಲಿಲ್ಲ. ಮುಷ್ಟಿನೂ ಏಳಲಿಲ್ಲ. ಮಿಕೆಲ್ ನೆಲ ನೋಡಾಕತ್ತಿದ್ದ.

ಅಕಿ ಕಲ್ಲು ಕೇಳಿದಳು. "ನಾ ಇದಕ್ಕ ಒಪ್ಪಿಲ್ಲ. ಅಡ್ಡನೂ ಬರಂಗಿಲ್ಲ" ಅಂದಳು.

"ಇದೇನು ತಾಈ? ಒಪ್ಪಿದ್ರ ಒಪ್ಪಬೇಕು, ಇಲ್ಲಂದ್ರ ಇಲ್ಲ ಅನಬೇಕು!" ನಾ ಸ್ವಲ್ಪ ಜೋರಾಗೇ ಅಂದೆ. ಎಲ್ಲಾರೂ ತಿರುಗಿ ನೋಡಿದ್ರು. ತಾಈ ಹೇಳಲಾರದೇ ವಿಧಿ ಇರಲಿಲ್ಲ, ಹೇಳಿದಳು.

ಇಂಗರ್ ನನಗೇ ಜವಾಬು ಕೊಟ್ಟಳು. "ನನ್ನ ಕೋಳಿ ಸತ್ತಾವ. ಆ ನಾಯಿ ಇಲ್ಲೇ ಇರೋದು ನನಗ ಚಲೋ ಅನಸಂಗಿಲ್ಲ, ಅನಸ್ತದ ಅಂತ ಸುಳ್ಳು ಹೇಳಂಗಿಲ್ಲ. ಆದ್ರ ಹುಡುಗ ಹೋಗಬಾರದು. ಎರಡೂ ಖರೇ ಅದಾವ. ನಾ ಏನು ಮಾಡ್ಲಿ?"

ನಮ್ಮ ತಾಟಿನ್ಯಾಗ ಇದಕ್ಕ ಜಾಗಾನೇ ಇಲ್ಲ. ಎಲಿ ತಗೊಂಡಿ, ಇಲ್ಲಾ ತಗೊಂಡಿಲ್ಲ. ಹನಮಂತ ಆವತ್ತು ಮನಸಿನ್ಯಾಗ ಏನು ಇಟ್ಟುಕೊಂಡು ಎಲಿ ಎತ್ತಿದನೋ ಯಾರು ಕೇಳ್ಯಾರ?

ಬಿಸ್ಕೀಟಿನ ತಾಟು ಬಂತು. ಈಗ ಎಲ್ಲಾರೂ ಅದನ್ನ ನೋಡಾಕತ್ತಿದ್ರು, ಬಾಯಾಗ ನಗು ಹಿಡಕೊಂಡು. ಮಿಕೆಲ್ ಒಂದು ತಗೊಂಡ. ನಾ ತಗೊಂಡೆ. ತಾಟು ಇಂಗರ್ ಮುಂದ ಹೋತು. ಅಕಿ ನನ್ನ ಕಡೆ ನೋಡಿದಳು. ಒಂದು ಬಿಸ್ಕೀಟು ಎತ್ತಿ ಕಟ್ ಅಂತ ಎರಡು ಮಾಡಿ, ಅರ್ಧ ಬಾಯಾಗ ಹಾಕಿಕೊಂಡು, ಅರ್ಧ ತಿರುಗಿ ತಾಟಿನ್ಯಾಗ ಇಟ್ಟಳು.

ಮಿಕೆಲ್ ಎದ್ದು ಹೊರಗ ಹೋದ. ಬೋಗಾಣಿ ನೆಲಕ್ಕ ಇಟ್ಟ ಸಪ್ಪಳ ಕೇಳಿತು. ಗಾಡಿ ಇಳಸಾಕತ್ತಿದ್ದ.

ಬೇಲಿ ಹಾಕೋ ಮುಂದ ಇಂಗರ್ ನಮಗ ಚಹಾ ತಂದಳು, ತಾಈನೂ ಇದ್ದಳು. ನಮ್ಮ ತಾಟಿನ ಬಗ್ಗೆ ಕೇಳಿದಳು. ಸುತ್ತ ಯಾರು ಯಾರು ಕೂಡ್ತಾರ ಅಂತ. ನಾ ಹೇಳಿದೆ, ಎಲ್ಲಾ ಮನಿಯಿಂದ ಒಬ್ಬೊಬ್ಬ ಗಂಡಸ.

"ಹೆಂಗಸರು?"

"ಅವರು ಎಲಿ ತೊಳೀತಾರ."

ಅಲ್ಲಿಯ ಮಂದಿ ಏನು ಹೇಳಿದ್ರೂ 'ನೋ' ಅಂತಾರ. ಇಲ್ಲ ಅಂತಲ್ಲ. ನಾವು 'ಹಿಂಗನ್ನು' ಅಂತೀವಲ್ಲ, ಹಂಗ. ಇಂಗರ್ "ನೋ" ಅಂದು ಖಾಲಿ ಕಪ್ಪು ತಗೊಂಡು ಹೋದಳು.

ತಿರುಗಿ ಹಿಂಜವಾಡಿ

ವಸ್ತಿಗೆ ಬಂದ ಮ್ಯಾಲೆ ಎಂಟು ದಿನ ಎಲ್ಲಾರೂ ನನ್ನ ಕಥಿ ಕೇಳಿದ್ದೇ ಕೇಳಿದ್ದು. ಸೀನಿದ ನಾಯಿ, ಮುಣಗದ ಹೊತ್ತು, ಉಪ್ಪಿನ ಪೆಪ್ಪರಮಿಂಟು. ಒಂದು ಪುಡಕಿ ತಂದಿದ್ದೆ, ಸಾಬಣ್ಣ ಮಾವಗ ತಿನಿಸಿದೆ. ಅವ ಉಗುಳಿ "ಇದನ್ನ ತಿಂದು ಬದುಕಿ ಬಂದಿಯೇನಲೇ?" ಅಂದ. ಅವ್ವ ಮಾತ್ರ ಇಂಗರ್ ಅರ್ಧ ಬಿಸ್ಕೀಟು ಇಟ್ಟಿದ್ದನ್ನ ಎರಡೆರಡು ಸಲ ಕೇಳಿದಳು. "ಇಟ್ಟಳಾ? ಯಾರೂ ಏನೂ ಅನಲಿಲ್ಲಾ?" ಅಂತ.

ಥಂಡಿ ದಿನದಾಗ ಅವರು ನಾಲ್ಕು ಮಂದಿ ನಮ್ಮಲ್ಲಿಗೆ ಬರ್ತಾರ ಅಂತ ತಾಈ ಸುದ್ದಿ ತಂದಳು. ಮಿಕೆಲ್, ಯೆನ್ಸ್, ಇಂಗರ್, ಇನ್ನೊಬ್ಬಾಕಿ. ಒಂದು ತಿಂಗಳು ವಸ್ತಿಯಾಗೇ ಇರ್ತಾರಂತ. ಸುಟ್ಟಿ ದಿನ ಕೂಡಿದ್ವಿ. ಒದರಾಟ ಆತು. "ಮಲ್ಯಾನ ಮನ್ಯಾಗ ಇರ್ಲಿ, ಅವಗ ಅವರ ಗುರ್ತು ಅದ" ಅಂದ ಮಾವ. ತಾಟು ತಿರುಗಿತು. ಒಬ್ಬೊಬ್ಬರೇ ಎಲಿ ತಗೊಂಡು ಸುಣ್ಣ ಹಚ್ಚಾಕ ಹತ್ತಿದ್ರು. ಕಡೀಕ ನನ್ನ ಮುಂದ ಬಂತು.

ನಾ ತಾಟು ಹಿಡದು ಎದ್ದೆ.

"ಎಲ್ಲಿಗಲೇ?" ಅಂದ ಮಾವ.

"ಇನ್ನೊಬ್ಬರು ಉಳದಾರ."

ಅವ್ವ ಬಾಗಲ್ದಾಗ ನಿಂತಿದ್ದಳು. ಅಕಿ ಮುಂದ ತಾಟು ಹಿಡದೆ. ಅಕಿ ಹಿಂದಕ್ಕ ಸರದಳು. "ಹುಚ್ಚ್ಯಾ, ನನ್ನ ಮುಂದ ಯಾಕ ತಂದಿ? ಮಂದಿ ನಗ್ತಾರ."

ಮಂದಿ ನಗಾಕತ್ತೇ ಇದ್ರು. ಹನಮಂತ ಕೂಗಿದ, "ಏ ಮಲ್ಯಾ, ಇದನ್ನ ಕಲ್ತು ಬಂದಿಯೇನೋ ಅಲ್ಲಿಂದ?"

"ನಾಲ್ಕು ಮಂದಿ ನಮ್ಮ ಮನ್ಯಾಗ ಇರವರು ಅದಾರ ಅವ್ವಾ. ಒಪ್ಪಿಗಿ ಅದನೋ ಇಲ್ಲೋ?"

"ನಿನ್ನ ಕಳಿಸೋ ಮುಂದ ಕೇಳಬೇಕಿತ್ತು ಇದನ್ನ" ಅಂದಳು. ಮೆತ್ತಗ ಅಂದಳು, ಆದ್ರ ಎಲ್ಲಾರಿಗೂ ಕೇಳಿತು. ನಗು ಕಡಿಮಿ ಆತು.

"ಆವಾಗ ಕೇಳಿದ್ರ ಏನಂತಿದ್ದಿ?"

ಅಕಿ ಸೆರಗಿಗೆ ಕೈ ಒರಸಿಕೊಂಡು ಒಂದು ಎಲಿ ಎತ್ತಿದಳು. ಮಾವ ಸಮಾಧಾನ ಆಗಿ ಅಡಕಿ ಕಡದ. ಅವ್ವ ಎಲಿ ನಾರಿನಗುಂಟ ನೀಟಗ ಎರಡು ಮಾಡಿ ಹರದು, ಅರ್ಧ ತಾ ಇಟ್ಟುಕೊಂಡು, ಅರ್ಧ ತಿರುಗಿ ತಾಟಿನ್ಯಾಗ ಇಟ್ಟಳು.

"ಬರ್ಲಿ" ಅಂದಳು. "ಅವರ ಜಳಕದ ನೀರು ನಾ ಹೊರಂಗಿಲ್ಲ."

ಮಾವ ಆ ಅರ್ಧ ಎಲಿ ನೋಡಿದ, ನನ್ನ ನೋಡಿದ. "ಇದಕ್ಕೇನಂತಾರಲೇ?" ಅಂದ.

ನಾ ತಾಟು ತಂದು ನಡುವ ಇಟ್ಟೆ. ಏಳಾಕತ್ತಿದ್ದ ಹನಮಂತ ತಿರುಗಿ ಕುಂತ. ಬಾಯಾಗ ಎಲಿ ಹಾಕಿಕೊಂಡವರು ಅಗಿಯೋದು ಬಿಟ್ರು. ನೀರು ಯಾರು ಹೊರಬೇಕು ಅನ್ನೋ ಮಾತು ಮೊದಲಿಂದ ಸುರುವಾತು.